ಕಿವಿಯಿಂದ ಹಕ್ಕಿ ಎಣಿಸುವವರು

ಜೂನ್ ಬಂತೆಂದರೆ ಅಮೆರಿಕ ಮತ್ತು ಕೆನಡಾದ ಹಳ್ಳಿಗಾಡಿನ ರಸ್ತೆಗಳಲ್ಲಿ, ಸೂರ್ಯ ಹುಟ್ಟಲು ಇನ್ನೂ ಅರ್ಧ ಗಂಟೆ ಇರುವಾಗಲೇ, ಕಾರು ನಿಲ್ಲಿಸಿ ಇಳಿಯುವ ಜನರಿದ್ದಾರೆ. ಇಳಿದವರು ಮೂರು ನಿಮಿಷ ಅಲ್ಲೇ ನಿಲ್ಲುತ್ತಾರೆ. ಸುತ್ತಲಿನ 400 ಮೀಟರ್ ಒಳಗೆ ಕಣ್ಣಿಗೆ ಬಿದ್ದ ಹಕ್ಕಿಗಳನ್ನೂ ಆ ಹೊತ್ತಿನಲ್ಲಿ ಕಿವಿಗೆ ಬಿದ್ದ ಹಕ್ಕಿಗಳನ್ನೂ ಬರೆದುಕೊಳ್ಳುತ್ತಾರೆ. ಮೂರು ನಿಮಿಷ ಮುಗಿದ ಕೂಡಲೇ ಕಾರು ಹತ್ತಿ ಸುಮಾರು 800 ಮೀಟರ್ ಮುಂದೆ ಹೋಗಿ ಮತ್ತೆ ನಿಲ್ಲುತ್ತಾರೆ. ಹೀಗೆ 50 ಕಡೆ. ಒಂದು ಮಾರ್ಗದ ಉದ್ದ 39.4 ಕಿಲೋಮೀಟರ್, ಮುಗಿಯುವಷ್ಟರಲ್ಲಿ ನಾಲ್ಕೈದು ಗಂಟೆ ಕಳೆದಿರುತ್ತದೆ. ಈ ಕೆಲಸಕ್ಕೆ ಸಂಬಳವಿಲ್ಲ. 1966ರಲ್ಲಿ ಶುರುವಾದ ಈ ಗಣತಿಯ ಹೆಸರು ಬ್ರೀಡಿಂಗ್ ಬರ್ಡ್ ಸರ್ವೆ, ಅಂದರೆ ಮರಿ ಮಾಡುವ ಹಕ್ಕಿಗಳ ಸಮೀಕ್ಷೆ.

ಮೊದಲ ಸಲ ಕೇಳಿದವರಿಗೆ ಅನುಮಾನ ಬರುವುದು ಸಹಜ. ವರ್ಷಕ್ಕೊಂದೇ ದಿನ, ಒಂದು ಜಾಗಕ್ಕೆ ಮೂರೇ ನಿಮಿಷ. ಆ ಮೂರು ನಿಮಿಷ ಸುಮ್ಮನೆ ಕೂತ ಹಕ್ಕಿ ಲೆಕ್ಕಕ್ಕೇ ಸಿಗುವುದಿಲ್ಲ. ಇಂಥ ಎಣಿಕೆಯಿಂದ ಒಂದು ಖಂಡದ ಹಕ್ಕಿಗಳ ಬಗ್ಗೆ ಏನು ತಿಳಿದೀತು? ಉತ್ತರ ಸರಳವಾಗಿದೆ, ಆದರೆ ಅದು ಮನಸ್ಸಿಗೆ ಇಳಿಯಲು ಸ್ವಲ್ಪ ಹೊತ್ತು ಬೇಕು. ಈ ಗಣತಿ ಎಷ್ಟು ಹಕ್ಕಿಗಳಿವೆ ಎಂದು ಹೇಳಲು ಹೊರಟಿದ್ದೇ ಅಲ್ಲ. ಹೆಚ್ಚುತ್ತಿವೆಯೋ ಕಡಿಮೆಯಾಗುತ್ತಿವೆಯೋ ಎಂದು ಹೇಳುವುದಷ್ಟೇ ಅದರ ಕೆಲಸ. ಸ್ವಯಂಸೇವಕರಿಗೆ ಹಾಕಿರುವ ಪ್ರತಿಯೊಂದು ನಿಯಮವೂ ಇದರಿಂದಲೇ ಹುಟ್ಟಿದೆ.

ಇದರ ಅಗತ್ಯ ಬಿದ್ದದ್ದು ಹೇಗೆಂದು ನೋಡೋಣ. 1950ರ ದಶಕದಲ್ಲಿ ಅಮೆರಿಕದ ಊರುಗಳಲ್ಲಿ ಎಲ್ಮ್ ಮರಗಳಿಗೆ ರೋಗ ಹರಡುವ ಜೀರುಂಡೆಗಳನ್ನು ಕೊಲ್ಲಲು ಡಿಡಿಟಿ ಸಿಂಪಡಿಸುತ್ತಿದ್ದರು. ವಿಷ ಹತ್ತಿದ ಎಲೆಗಳು ಉದುರಿ ಮಣ್ಣು ಸೇರಿದವು. ಎರೆಹುಳುಗಳ ಮೈಯಲ್ಲಿ ವಿಷ ಕೂಡಿಕೊಂಡಿತು. ಆ ಹುಳು ತಿಂದ ರಾಬಿನ್ ಹಕ್ಕಿಗಳು ಹುಲ್ಲುಹಾಸಿನ ಮೇಲೆ ಸತ್ತು ಬಿದ್ದವು. ತಮ್ಮ ಅಂಗಳದಲ್ಲಿ ಏನಾಗುತ್ತಿದೆ ಎಂಬುದು ಜನರಿಗೆ ಕಾಣುತ್ತಿತ್ತು. ದೇಶದಾದ್ಯಂತ ರಾಬಿನ್‌ಗಳು ಎಷ್ಟು ಕಡಿಮೆಯಾಗಿವೆ ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಉತ್ತರವಿರಲಿಲ್ಲ. ಬೇಟೆಯ ಹಕ್ಕಿಗಳಿಗೆ ಲೆಕ್ಕವಿತ್ತು. ಬಾತುಗಳನ್ನು, ಮೌರ್ನಿಂಗ್ ಡವ್ ಎಂಬ ಕಾಡುಪಾರಿವಾಳವನ್ನು ಸರ್ಕಾರವೇ ಎಣಿಸುತ್ತಿತ್ತು, ಏಕೆಂದರೆ ಆ ವರ್ಷ ಎಷ್ಟನ್ನು ಹೊಡೆಯಲು ಬಿಡಬಹುದು ಎಂದು ತೀರ್ಮಾನಿಸಬೇಕಿತ್ತು. ಹಾಡುಹಕ್ಕಿಗಳನ್ನು ಯಾರೂ ಹೊಡೆದು ತಿನ್ನುತ್ತಿರಲಿಲ್ಲ. ಹಾಗಾಗಿ ಯಾರೂ ಎಣಿಸಿಯೂ ಇರಲಿಲ್ಲ. 1900ರಿಂದ ನಡೆದುಬಂದಿದ್ದ ಕ್ರಿಸ್‌ಮಸ್ ಗಣತಿಯೊಂದು ಇತ್ತು, ಆದರೆ ಅದು ಚಳಿಗಾಲದ್ದು.

ಮೇರಿಲ್ಯಾಂಡ್‌ನ ಪಟಕ್ಸೆಂಟ್ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿದ್ದ ಚಾಂಡ್ಲರ್ ರಾಬಿನ್ಸ್ ಈ ಕೊರತೆಯನ್ನು ತುಂಬಲು ಹೊರಟರು. 1956ರಲ್ಲಿ ಮಿಡ್‌ವೇ ದ್ವೀಪದಲ್ಲಿ ಲೇಸನ್ ಆಲ್ಬಟ್ರಾಸ್ ಎಂಬ ಕಡಲಹಕ್ಕಿಯೊಂದರ ಕಾಲಿಗೆ ಉಂಗುರ ತೊಡಿಸಿದವರೂ ಇವರೇ. ವಿಸ್ಡಮ್ ಎಂದು ಜಗತ್ತು ಗುರುತಿಸುವ ಆ ಹಕ್ಕಿ 2024ರಲ್ಲೂ ಮೊಟ್ಟೆ ಇಟ್ಟಿತು. ರಾಬಿನ್ಸ್ ಸುಲಭವಾದ, ಯಾರು ಮಾಡಿದರೂ ಒಂದೇ ರೀತಿ ಮಾಡಬಹುದಾದ ವಿಧಾನ ರೂಪಿಸಿದರು. ರಸ್ತೆಬದಿಯಲ್ಲಿ ಮೂರು ನಿಮಿಷ ನಿಂತು ಕಿವಿಗೊಡುವ ಕ್ರಮ ಪಾರಿವಾಳದ ಗಣತಿಯಲ್ಲಿ ಆಗಲೇ ಇತ್ತು. ಇವರು ಅದನ್ನು ಎಲ್ಲ ಹಕ್ಕಿಗಳಿಗೂ ವಿಸ್ತರಿಸಿದರು. 1965ರಲ್ಲಿ ಮೇರಿಲ್ಯಾಂಡ್ ಮತ್ತು ಡೆಲವೇರ್‌ನಲ್ಲಿ ಪ್ರಯೋಗ ನಡೆಯಿತು, ಮರುವರ್ಷ ಖಂಡದ ಪೂರ್ವಭಾಗದಲ್ಲಿ ಗಣತಿ ಶುರುವಾಯಿತು, 1968ರ ಹೊತ್ತಿಗೆ ಪಶ್ಚಿಮ ಕರಾವಳಿಯನ್ನೂ ಮುಟ್ಟಿತು.

ಮರಿ ಮಾಡುವ ಕಾಲವನ್ನೇ ಆರಿಸಿದ್ದಕ್ಕೆ ಗಟ್ಟಿ ಕಾರಣವಿದೆ. ಚಳಿಗಾಲದಲ್ಲಿ ಹಕ್ಕಿಗಳು ಗುಂಪು ಕಟ್ಟಿಕೊಂಡು ಅಲೆಯುತ್ತವೆ. ಇಂದು ಈ ಹೊಲದಲ್ಲಿ ಇದ್ದ ಇನ್ನೂರು ಹಕ್ಕಿ ನಾಳೆ ಮತ್ತೆಲ್ಲೋ. ವಲಸೆಯ ತಿಂಗಳುಗಳಲ್ಲಿ ಕಂಡದ್ದು ಸಾವಿರಾರು ಕಿಲೋಮೀಟರ್ ದೂರದ ಹಕ್ಕಿಯಾಗಿರಬಹುದು. ಗೂಡು ಕಟ್ಟುವ ವಾರಗಳಲ್ಲಿ ಮಾತ್ರ ಹಕ್ಕಿ ಒಂದು ತುಂಡು ನೆಲಕ್ಕೆ ಅಂಟಿಕೊಂಡಿರುತ್ತದೆ. ಆ ನೆಲ ತನ್ನದೆಂದು ಸಾರಲು, ಹೆಣ್ಣನ್ನು ಕರೆಯಲು, ಪಕ್ಕದ ಗಂಡನ್ನು ದೂರವಿಡಲು ಗಂಡು ಹಕ್ಕಿ ಹಾಡುತ್ತದೆ. ಆಗ ಕೇಳಿದ ಒಂದು ಹಾಡಿನ ಹಿಂದೆ ಒಂದು ಹಕ್ಕಿ, ಒಂದು ಜಾಗ, ಬಹುಮಟ್ಟಿಗೆ ಒಂದು ಸಂಸಾರ ಇರುತ್ತದೆ. ಅಲ್ಲಿನ ಹುಲ್ಲು, ಕಾಡು, ಕೀಟ, ನೀರು ಆ ಹಕ್ಕಿಯನ್ನು ಸಾಕಬಲ್ಲವೇ ಎಂಬುದಕ್ಕೂ ಆ ಹಾಡೇ ಸಾಕ್ಷಿ. ವಲಸೆ ಹಕ್ಕಿಗಳು ಹಾದುಹೋಗಿ ಮುಗಿದಿರಬೇಕು, ಊರಿನ ಹಕ್ಕಿಗಳ ಹಾಡು ಇನ್ನೂ ಇಳಿದಿರಬಾರದು. ಈ ಎರಡರ ನಡುವಿನ ಕೆಲವೇ ವಾರಗಳು ಗಣತಿಗೆ ಸಿಗುತ್ತವೆ. ಹೆಚ್ಚಿನ ಕಡೆ ಅದು ಜೂನ್. ಮರುಭೂಮಿಯಲ್ಲಿ, ದಕ್ಷಿಣದ ಕೆಲವು ರಾಜ್ಯಗಳಲ್ಲಿ ಮೇ.

ಬೆಳಗಿನ ಜಾವವನ್ನು ಹಿಡಿದದ್ದೂ ಹಾಡಿಗಾಗಿಯೇ. ಆಗ ಗಾಳಿ ನಿಂತಿರುತ್ತದೆ, ರಸ್ತೆ ಖಾಲಿ ಇರುತ್ತದೆ, ಸದ್ದು ದೂರ ಸಾಗುತ್ತದೆ, ಹಕ್ಕಿಗಳು ಜೋರಾಗಿ ಹಾಡುತ್ತಿರುತ್ತವೆ. ವುಡ್ ಥ್ರಷ್‌ನಂಥ ಹಕ್ಕಿ ನಸುಕಿನಲ್ಲಿ ಮನಬಿಚ್ಚಿ ಹಾಡಿ ಬಿಸಿಲೇರುತ್ತಿದ್ದಂತೆ ಇಳಿಸಿಬಿಡುತ್ತದೆ. ಹಾಗಾಗಿ ಐವತ್ತು ನಿಲುಗಡೆಗಳನ್ನು ಪ್ರತಿ ವರ್ಷವೂ ಅದೇ ಕ್ರಮದಲ್ಲಿ, ಮೊದಲನೆಯದರಿಂದಲೇ ಮಾಡಬೇಕು. ಈ ವರ್ಷ ಮನೆಗೆ ಹತ್ತಿರವೆಂದು ಐವತ್ತನೆಯದರಿಂದ ಶುರು ಮಾಡಿದರೆ ಥ್ರಷ್‌ಗಳು ಇದ್ದಕ್ಕಿದ್ದಂತೆ ಜಾಗ ಬದಲಿಸಿದ ಹಾಗೆ ಕಾಣುತ್ತದೆ. ಬದಲಾದದ್ದು ಗಡಿಯಾರ ಮಾತ್ರ.

ಇನ್ನು ಕಿವಿಯ ಕೆಲಸ. ಎಲೆ ತುಂಬಿದ ಜೂನ್ ಕಾಡಿನಲ್ಲಿ ಬರೆದುಕೊಳ್ಳುವ ಹಕ್ಕಿಗಳಲ್ಲಿ ಬಹುಪಾಲು ಕೇಳಿದವೇ ಹೊರತು ಕಂಡವಲ್ಲ. ದುರ್ಬೀನು ಕೊರಳಲ್ಲಿ ನೇತಾಡುತ್ತಿರುತ್ತದೆ ಅಷ್ಟೇ. ಮೂರು ನಿಮಿಷದಲ್ಲಿ ಹದಿನೈದು ಜಾತಿಯ ಸ್ವರಗಳು ಒಂದರ ಮೇಲೊಂದು ಬರುವಾಗ ಅವನ್ನು ಬಿಡಿಸಿ ಕೇಳುವುದು ಅಭ್ಯಾಸದಿಂದ ಬರುವ ವಿದ್ಯೆ. ಪಳಗಿದವರು ಜೋರಾಗಿ ಹಾಡುವ ಹಕ್ಕಿಯನ್ನು ಮೊದಲು ಗುರುತಿಸಿ ಬದಿಗಿಡುತ್ತಾರೆ. ಉಳಿದದ್ದು ಆಗ ಕೇಳತೊಡಗುತ್ತದೆ. ಆಮೇಲೆ ಒಂದೊಂದೇ ದಿಕ್ಕಿಗೆ ಗಮನ ಕೊಡುತ್ತಾರೆ. ಎಡದ ಬೇಲಿಯಲ್ಲೊಂದು, ಹಿಂದಿನ ಓಕ್ ಮರದಲ್ಲೊಂದು, ದೂರದ ತೊರೆಯ ಕಡೆಯಿಂದ ಇನ್ನೊಂದು ಎಂದು ಮನಸ್ಸಿನಲ್ಲೇ ನಕ್ಷೆ ಬರೆದುಕೊಳ್ಳುತ್ತಾರೆ.

ಒಂದೇ ಜಾತಿಯ ಎರಡು ಹಕ್ಕಿಗಳೋ, ಜಾಗ ಬದಲಿಸಿ ಹಾಡಿದ ಒಂದೇ ಹಕ್ಕಿಯೋ ಎಂಬುದು ಪದೇ ಪದೇ ಏಳುವ ಪ್ರಶ್ನೆ. ಒಂದರ ಹಾಡು ಮುಗಿಯುವ ಮೊದಲೇ ಇನ್ನೊಂದು ಕಡೆಯಿಂದ ಅದೇ ಹಾಡು ಎದ್ದರೆ ಎರಡು ಇವೆ ಎಂಬುದರಲ್ಲಿ ಸಂಶಯವಿಲ್ಲ. ಅಕ್ಕಪಕ್ಕದ ಗಂಡುಗಳು ಪೈಪೋಟಿಯಿಂದ ಉತ್ತರ ಪ್ರತ್ಯುತ್ತರ ಹಾಡುವುದು ಇಲ್ಲಿ ಎಣಿಸುವವರಿಗೆ ನೆರವಾಗುತ್ತದೆ. ಖಚಿತವಿಲ್ಲದಿದ್ದರೆ ಒಂದೆಂದೇ ಬರೆಯುವುದು ಒಳ್ಳೆಯದು.

ಸ್ವರಗಳು ಒಂದನ್ನೊಂದು ಹೋಲುವುದು ಬೇರೆ. ಚಿಪ್ಪಿಂಗ್ ಸ್ಪ್ಯಾರೋ, ಪೈನ್ ವಾರ್ಬ್ಲರ್, ಜುಂಕೊ ಮೂರೂ ಒಂದೇ ಸ್ವರವನ್ನು ಒಂದೇ ಸಮನೆ ಗಿರ್ರೆಂದು ಉದ್ದಕ್ಕೆ ಎಳೆಯುತ್ತವೆ. ರಾಬಿನ್, ಸ್ಕಾರ್ಲೆಟ್ ಟ್ಯಾನಜರ್, ರೋಸ್-ಬ್ರೆಸ್ಟೆಡ್ ಗ್ರೋಸ್‌ಬೀಕ್ ಈ ಮೂರರ ಹಾಡಿನ ಧಾಟಿ ಒಂದೇ. ಟ್ಯಾನಜರ್‌ನ ಕಂಠ ಸ್ವಲ್ಪ ಒರಟು. ಬ್ಲೂ ಜೇ ಗಿಡುಗದ ಕೂಗನ್ನು ಅನುಕರಿಸುತ್ತದೆ. ಮಾಕಿಂಗ್‌ಬರ್ಡ್ ಅಂತೂ ಸುತ್ತಮುತ್ತಲ ಹಕ್ಕಿಗಳ ಹಾಡನ್ನೆಲ್ಲ ಕದ್ದು ಸಾಲಾಗಿ ಹಾಡುತ್ತದೆ. ಹೊಸಬರು ಅದೊಂದನ್ನೇ ಆರು ಜಾತಿಯೆಂದು ಬರೆದಾರು.

ಎಲ್ಲ ಹಕ್ಕಿಗಳೂ ಒಂದೇ ಸಮನೆ ಹಾಡುವುದಿಲ್ಲ. 1952ರಲ್ಲಿ ಕೆನಡಾದ ಆಂಟಾರಿಯೋದಲ್ಲಿ ಲೂಯಿಸ್ ಡಿ ಕಿರಿಲೀನ್ ಲಾರೆನ್ಸ್ ಎಂಬ ಮಹಿಳೆ ಒಂದು ರೆಡ್-ಐಡ್ ವೀರಿಯೊವನ್ನು ಬೆಳಗಿನಿಂದ ಸಂಜೆಯವರೆಗೆ ಹಿಂಬಾಲಿಸಿ ಅದರ ಹಾಡುಗಳನ್ನು ಎಣಿಸಿದರು: 22,197. ಇಂಥ ಹಕ್ಕಿ ಹತ್ತಿರದಲ್ಲಿದ್ದರೆ ಮೂರು ನಿಮಿಷದಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ಅದೇ ಕಾಡಿನ ಮರಕುಟಿಗವೋ ಹಮ್ಮಿಂಗ್‌ಬರ್ಡೋ ಸದ್ದಿಲ್ಲದೆ ಇದ್ದುಬಿಡಬಹುದು. ಇನ್ನೊಂದು ತೊಡಕೂ ಇದೆ. ಕೆಲವು ಜಾತಿಗಳಲ್ಲಿ ಜೊತೆ ಸಿಗದ ಗಂಡು ಜೊತೆ ಸಿಕ್ಕ ಗಂಡಿಗಿಂತ ಬಹಳ ಹೆಚ್ಚು ಹಾಡುತ್ತದೆ. ಹಾಗಾಗಿ ಹಾಡು ಹೆಚ್ಚು ಕೇಳಿದ ಮಾತ್ರಕ್ಕೆ ಗೂಡು ಹೆಚ್ಚಿವೆ ಎನ್ನಲಾಗದು.

ಇಷ್ಟೆಲ್ಲ ತಪ್ಪಿಹೋಗುವುದಿದ್ದರೂ ಲೆಕ್ಕ ಬೀಳುವುದಿಲ್ಲ ಏಕೆಂದರೆ, ನೂರು ಗ್ರಾಂ ಕಡಿಮೆ ತೋರಿಸುವ ತಕ್ಕಡಿಯಲ್ಲೇ ಮಗುವನ್ನು ಪ್ರತಿ ತಿಂಗಳು ತೂಗಿದರೂ ಮಗು ಬೆಳೆಯುತ್ತಿದೆಯೇ ಎಂಬುದು ತಿಳಿದೇ ತಿಳಿಯುತ್ತದೆ. ಒಂದು ನಿಲುಗಡೆಯ ಸುತ್ತ ಹತ್ತು ಹಕ್ಕಿಗಳಿದ್ದು ನಮಗೆ ಆರು ಕೇಳಿದವು ಎನ್ನಿ. ಹತ್ತು ವರ್ಷದ ಮೇಲೆ ಅಲ್ಲಿ ಐದೇ ಉಳಿದಿದ್ದು ಮೂರು ಕೇಳಿದವು. ಹತ್ತು ಎಂಬುದೂ ಐದು ಎಂಬುದೂ ನಮಗೆ ಗೊತ್ತಿಲ್ಲ. ಅರ್ಧಕ್ಕಿಳಿದಿವೆ ಎಂಬುದು ಗೊತ್ತಾಯಿತು. ಷರತ್ತು ಒಂದೇ: ಹತ್ತಕ್ಕೆ ಆರು ಸಿಗುವ ಆ ಪ್ರಮಾಣ ಬದಲಾಗಕೂಡದು. ಒಂದು ಜಾಗದಲ್ಲಿ ಆಕಸ್ಮಿಕವಾಗಿ ಹೆಚ್ಚು ಕಡಿಮೆ ಆಗಿಯೇ ಆಗುತ್ತದೆ. ಸಾವಿರಾರು ಮಾರ್ಗ, ಹತ್ತಾರು ವರ್ಷ ಸೇರಿದಾಗ ಆ ಏರುಪೇರು ತೊಳೆದುಹೋಗಿ ದಿಕ್ಕು ಉಳಿಯುತ್ತದೆ.

ಆದ್ದರಿಂದ ನಿಯಮಗಳು ಕಟ್ಟುನಿಟ್ಟು. ಎಣಿಸುವವರು ಒಬ್ಬರೇ. ಜೊತೆಗೆ ಬಂದವರು ಕಾರು ಓಡಿಸಬಹುದು, ಹೇಳಿದ್ದನ್ನು ಬರೆದುಕೊಳ್ಳಬಹುದು. "ಅಗೋ, ಅಲ್ಲೊಂದು ಗಿಡುಗ" ಎಂದು ಬೆರಳು ತೋರಿಸುವಂತಿಲ್ಲ. ಬಾಯಿಂದ ಪಿಶ್ ಪಿಶ್ ಎಂದು ಸದ್ದು ಮಾಡಿ, ಇಲ್ಲವೇ ಧ್ವನಿಮುದ್ರಣ ಹಾಕಿ ಹಕ್ಕಿಗಳನ್ನು ಹೊರಗೆ ಕರೆಯುವಂತಿಲ್ಲ. ಎರಡು ನಿಲುಗಡೆಗಳ ನಡುವೆ ಕಂಡದ್ದು ಲೆಕ್ಕಕ್ಕಿಲ್ಲ. ಮಳೆ ಸುರಿಯುತ್ತಿದ್ದರೆ, ಗಾಳಿ ಬೀಸುತ್ತಿದ್ದರೆ ಬೇರೆ ದಿನ ಬರಬೇಕು. ಪ್ರತಿ ನಿಲುಗಡೆಯಲ್ಲಿ ಎಷ್ಟು ವಾಹನ ಹಾದುಹೋದವು ಎಂಬುದನ್ನೂ ಬರೆಯಬೇಕು, ಯಾಕೆಂದರೆ ಲಾರಿಯ ಸದ್ದು ಹಕ್ಕಿಯ ಹಾಡನ್ನು ನುಂಗುತ್ತದೆ. ನನಗೆ ಎಲ್ಲಕ್ಕಿಂತ ಕಷ್ಟವೆನಿಸುವುದು ಸಮಯದ ನಿಯಮ. ಮೂರು ನಿಮಿಷ ಮುಗಿದು ಕಾರಿನ ಬಾಗಿಲಿಗೆ ಕೈ ಹಾಕಿದಾಗ, ವರ್ಷಗಳಿಂದ ಕಾಣದಿದ್ದ ಹಕ್ಕಿ ಹಾಡಿದರೆ ಅದನ್ನು ಬಿಟ್ಟು ಹೋಗಬೇಕು. ಅಪರೂಪದ್ದೆಂದು ಸೇರಿಸಿಕೊಂಡರೆ ಆ ಜಾತಿಗೆ ಮಾತ್ರ ಮೂರು ನಿಮಿಷ ನಾಲ್ಕಾಗುತ್ತದೆ. ಹಕ್ಕಿಯ ಮೇಲಿನ ಪ್ರೀತಿಯಿಂದಲೇ ಈ ಕೆಲಸಕ್ಕೆ ಬಂದವರು ಆ ಗಳಿಗೆಯಲ್ಲಿ ಕೈ ಕಟ್ಟಿಕೊಳ್ಳುತ್ತಾರಲ್ಲ, ಅವರ ಬಗ್ಗೆ ನನಗೆ ನಿಜವಾದ ಗೌರವ.

ಎಣಿಸುವವರೇ ಬದಲಾದರೆ? ಒಬ್ಬರ ಕಿವಿಯ ಹಾಗೆ ಇನ್ನೊಬ್ಬರದಿಲ್ಲ. ಒಂದೇ ಮಾರ್ಗಕ್ಕೆ ಹೊಸಬರು ಬಂದಾಗ ಅವರ ಮೊದಲ ವರ್ಷದ ಎಣಿಕೆ ಮುಂದಿನ ವರ್ಷಗಳಿಗಿಂತ ಕಡಿಮೆ ಇರುತ್ತದೆ ಎಂಬುದನ್ನು ಸಂಖ್ಯಾಶಾಸ್ತ್ರಜ್ಞರು ಈ ದಾಖಲೆಗಳಲ್ಲೇ ಕಂಡುಕೊಂಡರು. ಎಲ್ಲಿ ಯಾವ ಹಕ್ಕಿ ಸಿಗಬಹುದು ಎಂಬ ಅಂದಾಜು ಬೆಳೆಯಲು ಒಂದು ಸುತ್ತು ಬೇಕಾಗುತ್ತದೆ. ಈಗ ಲೆಕ್ಕ ಹಾಕುವಾಗ ಪ್ರತಿ ಗಣತಿದಾರರನ್ನೂ ಬೇರೆಯಾಗಿ ಗುರುತಿಸಿ, ಮೊದಲ ವರ್ಷಕ್ಕೆ ಪ್ರತ್ಯೇಕ ತಿದ್ದುಪಡಿ ಮಾಡುತ್ತಾರೆ. ವಯಸ್ಸಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಗೋಲ್ಡನ್-ಕ್ರೌನ್ಡ್ ಕಿಂಗ್‌ಲೆಟ್ ಎಂಬ ಪುಟಾಣಿ ಹಕ್ಕಿಯ ಸ್ವರ 8 ಕಿಲೋಹರ್ಟ್ಜ್ ಆಸುಪಾಸಿನಲ್ಲಿ, ಅಂದರೆ ಬಹಳ ಎತ್ತರದ ಸ್ಥಾಯಿಯಲ್ಲಿರುತ್ತದೆ; ಬ್ಲ್ಯಾಕ್‌ಪೋಲ್ ವಾರ್ಬ್ಲರ್‌ದೂ ಅಂಥದೇ ಎತ್ತರದ ದನಿ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಸ್ವರಗಳನ್ನೇ. ಮಾತುಕತೆ ಸ್ಪಷ್ಟವಾಗಿ ಕೇಳುತ್ತಿರುವುದರಿಂದ ಏನೂ ಕಳೆದುಕೊಂಡಿಲ್ಲ ಎಂದೇ ಅನ್ನಿಸುತ್ತಿರುತ್ತದೆ, ಕಾಗದದ ಮೇಲೆ ಮಾತ್ರ ಕಿಂಗ್‌ಲೆಟ್ ಆ ಮಾರ್ಗದಿಂದ ಮರೆಯಾಗುತ್ತಾ ಹೋಗುತ್ತದೆ. ಆಗಾಗ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳುವುದು ಈ ಕೆಲಸದ ಭಾಗವೇ ಎಂದು ನಾನು ತಿಳಿದಿದ್ದೇನೆ.

ರಸ್ತೆಬದಿಯ ಎಣಿಕೆಗೆ ಒಂದು ಮಿತಿ ಇದ್ದೇ ಇದೆ. ರಸ್ತೆ ಇಲ್ಲದ ಕಡೆ ಗಣತಿಯೂ ಇಲ್ಲ. ಕೆನಡಾದ ಉತ್ತರದ ಕಾಡುಗಳು ಬಹುತೇಕ ಹೊರಗೇ ಉಳಿಯುತ್ತವೆ. ಗೂಬೆಯಂಥ ನಿಶಾಚರಿಗಳೂ ಜೌಗಿನಲ್ಲಿ ಅಡಗುವ ಹಕ್ಕಿಗಳೂ ಸರಿಯಾಗಿ ಸಿಗುವುದಿಲ್ಲ. ಬ್ರಿಟನ್‌ನಲ್ಲಿ 1994ರಲ್ಲಿ ಶುರುವಾದ ಇದೇ ಹೆಸರಿನ ಸಮೀಕ್ಷೆ ಬೇರೆ ದಾರಿ ಹಿಡಿಯಿತು. ಅದನ್ನು ನಡೆಸುವುದು ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಎಂಬ ಪಕ್ಷಿ ಅಧ್ಯಯನ ಸಂಸ್ಥೆ. ಅಲ್ಲಿ ಕಂಪ್ಯೂಟರ್ ಒಂದು ಚದರ ಕಿಲೋಮೀಟರ್‌ನ ಚೌಕವನ್ನು ಯಾದೃಚ್ಛಿಕವಾಗಿ ಆರಿಸಿ ಕೊಡುತ್ತದೆ. ಸ್ವಯಂಸೇವಕರು ಅದರೊಳಗೆ ಸುಮಾರು ಒಂದೊಂದು ಕಿಲೋಮೀಟರ್ ಉದ್ದದ ಎರಡು ಗೆರೆಗಳನ್ನು ನಡೆದೇ ಕ್ರಮಿಸುತ್ತಾರೆ, ಋತುವಿನಲ್ಲಿ ಎರಡು ಸಲ. ಪ್ರತಿ ಹಕ್ಕಿ ಗೆರೆಯಿಂದ 25 ಮೀಟರ್ ಒಳಗಿತ್ತೇ, 100 ಮೀಟರ್ ಒಳಗಿತ್ತೇ, ಅದಕ್ಕೂ ಆಚೆಯೇ ಎಂದು ಬರೆಯುತ್ತಾರೆ. ದೂರ ಹೆಚ್ಚಾದಂತೆ ಎಷ್ಟು ತಪ್ಪಿಹೋಗುತ್ತವೆ ಎಂಬುದನ್ನು ಇದರಿಂದ ಅಂದಾಜಿಸಬಹುದು.

ಚೌಕವನ್ನು ನಾವೇ ಆರಿಸುವಂತಿಲ್ಲ ಎಂಬುದು ಮುಖ್ಯ. ಬಿಟ್ಟರೆ ಎಲ್ಲರೂ ಕೆರೆಯ ದಡವನ್ನೋ ಹಳೆಯ ಕಾಡನ್ನೋ ಆರಿಸಿಕೊಳ್ಳುತ್ತಾರೆ, ಸಾಧಾರಣ ನೆಲ ಲೆಕ್ಕದಿಂದ ಬಿದ್ದುಹೋಗುತ್ತದೆ. ನಿಮಗೆ ಬಂದದ್ದು ಕಾರ್ಖಾನೆಗಳ ಬಡಾವಣೆಯಾಗಿರಬಹುದು, ಬೆರಳೆಣಿಕೆಯ ಹಕ್ಕಿಗಳಿರುವ ಬೋಳುಗುಡ್ಡವಾಗಿರಬಹುದು. ಅಲ್ಲಿಯ ಸೊನ್ನೆಗೂ ಕಾಡಿನ ನೂರಕ್ಕೂ ಒಂದೇ ಬೆಲೆ. ಕಳೆದ ಸಲ ಇದ್ದ ಬಾನಾಡಿ ಈ ಸಲ ಇಲ್ಲ ಎಂಬುದು ಆ ಸೊನ್ನೆಯಿಂದಲೇ ಗೊತ್ತಾಗಬೇಕು.

ಸಾಮಾನ್ಯ ಹಕ್ಕಿಗಳನ್ನು ಶ್ರದ್ಧೆಯಿಂದ ಎಣಿಸಿದ್ದರ ಫಲ ಎಷ್ಟೆಂದು ಕಾಗೆಯಿಂದ ತಿಳಿಯುತ್ತದೆ. 1999ರಲ್ಲಿ ವೆಸ್ಟ್ ನೈಲ್ ವೈರಸ್ ನ್ಯೂಯಾರ್ಕ್‌ಗೆ ಬಂತು. ಅಮೆರಿಕನ್ ಕಾಗೆಗಳಿಗೆ ಅದು ಮಾರಕ. ಕಾಗೆಯನ್ನು ಯಾರು ತಾನೇ ಲೆಕ್ಕ ಇಡುತ್ತಾರೆ? ಈ ಗಣತಿದಾರರು ಅಷ್ಟು ವರ್ಷಗಳಿಂದ ಪ್ರತಿ ನಿಲುಗಡೆಯಲ್ಲಿ ಇಟ್ಟಿದ್ದರು. ಆ ದಾಖಲೆ ಬಳಸಿ 2007ರಲ್ಲಿ ಪ್ರಕಟವಾದ ಅಧ್ಯಯನ ವೈರಸ್ ಬಂದ ಮೇಲೆ ಕಾಗೆಗಳ ಸಂಖ್ಯೆ ಶೇ. 45ರವರೆಗೆ ಕುಸಿದಿದೆ ಎಂದು ತೋರಿಸಿತು. ರೋಗ ಬರುವ ಮುಂಚಿನ ಎಣಿಕೆ ಇಲ್ಲದಿದ್ದರೆ ಈ ಮಾತು ಹೇಳಲು ಆಧಾರವೇ ಇರುತ್ತಿರಲಿಲ್ಲ, ಏಕೆಂದರೆ ಕಳೆದ ವರ್ಷದ ಹಕ್ಕಿಯನ್ನು ಈ ವರ್ಷ ಎಣಿಸಲಾಗದು.

2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಲೆಕ್ಕ ಇನ್ನೂ ದೊಡ್ಡದು. 1970ರಿಂದೀಚೆಗೆ ಅಮೆರಿಕ ಮತ್ತು ಕೆನಡಾ ಸುಮಾರು 290 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿವೆ, ಅಂದರೆ ಶೇ. 29. ಹುಲ್ಲುಗಾವಲಿನ ಹಕ್ಕಿಗಳು ಶೇ. 53ರಷ್ಟು ಇಳಿದಿವೆ. ಇದರ ಬಹುಪಾಲು ಆಧಾರ ರಸ್ತೆಬದಿಯ ಈ ಗಣತಿಯೇ. ರಾತ್ರಿ ವಲಸೆ ಹೋಗುವ ಹಕ್ಕಿಗಳನ್ನು ಹವಾಮಾನ ರೇಡಾರ್‌ಗಳಲ್ಲಿ ಅಳೆದಾಗಲೂ ಇಳಿಕೆಯೇ ಕಂಡಿತು. ಹೋದದ್ದು ಅಳಿವಿನಂಚಿನ ಹಕ್ಕಿಗಳಷ್ಟೇ ಅಲ್ಲ. ಗುಬ್ಬಿಯ ಜಾತಿಯವು, ವಾರ್ಬ್ಲರ್‌ಗಳು, ಮೆಡೋಲಾರ್ಕ್‌ನಂಥ ದಿನನಿತ್ಯದ ಹಕ್ಕಿಗಳೇ ಹೆಚ್ಚು. ಆದರೆ ಬಾತುಗಳಂಥ ನೀರುಹಕ್ಕಿಗಳು ಹೆಚ್ಚಿದವು. ಬೇಟೆಗಾರರ ಹಣದಿಂದಲೂ ಕಾನೂನಿನಿಂದಲೂ ಅವುಗಳ ಜೌಗುಭೂಮಿಯನ್ನು ದಶಕಗಳ ಕಾಲ ಉಳಿಸಿಕೊಂಡು ಬಂದದ್ದೇ ಕಾರಣ. ಕೊರಗುವಂಥ ಅಂಕಿಗಳ ನಡುವೆ ನನಗೆ ಭರವಸೆ ಕೊಡುವುದು ಈ ಒಂದು ಸಾಲು.

ಒಂದು ಗೊಂದಲ ನಿವಾರಿಸಬೇಕು. ಇಲ್ಲಿ ಗೂಡು ಹುಡುಕುವ ಕೆಲಸವಿಲ್ಲ. ಗೂಡಿನ ಪುರಾವೆ ಬೇಕಾಗುವುದು, ಯಾವ ಹಕ್ಕಿ ಎಲ್ಲಿ ಮರಿ ಮಾಡುತ್ತದೆ ಎಂದು ತೋರಿಸುವ ನಕ್ಷೆಪುಸ್ತಕ ತಯಾರಿಸುವ ಯೋಜನೆಗಳಿಗೆ. ಅಲ್ಲಿ ಸಕಾಲದಲ್ಲಿ, ತಕ್ಕ ಜಾಗದಲ್ಲಿ ಹಾಡುವ ಗಂಡು ಕಂಡರೆ ಮರಿ ಮಾಡುತ್ತಿರುವ ಸಾಧ್ಯತೆ ಇದೆ ಎಂದಷ್ಟೇ ಬರೆಯುತ್ತಾರೆ. ಅದೇ ಜಾಗದಲ್ಲಿ ವಾರದ ಮೇಲೂ ಹಾಡುತ್ತಿದ್ದರೆ ಸಂಭವ ಹೆಚ್ಚು. ಕೊಕ್ಕಿನಲ್ಲಿ ಹುಳು ಹಿಡಿದು ಹಾರಿದರೆ, ಮರಿಗಳ ಹಿಕ್ಕೆಯನ್ನು ಗೂಡಿನಿಂದ ಹೊತ್ತೊಯ್ದರೆ, ಕಿಲ್‌ಡಿಯರ್ ಹಕ್ಕಿಯಂತೆ ರೆಕ್ಕೆ ಮುರಿದ ನಾಟಕವಾಡಿ ನಿಮ್ಮನ್ನು ಗೂಡಿನಿಂದ ದೂರ ಎಳೆದರೆ ಖಚಿತ. ಗೂಡಿನ ಹತ್ತಿರ ಹೋಗದೆಯೇ ಇಷ್ಟನ್ನು ತಿಳಿಯಬಹುದು, ಹೋಗಲೂಬಾರದು.

ಸೇರಬೇಕೆನ್ನುವವರಿಗೆ ಪಕ್ಷಿವಿಜ್ಞಾನದ ಪದವಿ ಬೇಕಿಲ್ಲ. ಆ ಪ್ರದೇಶದಲ್ಲಿ ಮರಿ ಮಾಡುವ ಹಕ್ಕಿಗಳನ್ನೆಲ್ಲ ಕಂಡು ಮತ್ತು ಕೇಳಿ ಗುರುತಿಸಲು ಬರಬೇಕು, ವಿಧಾನದ ತರಬೇತಿಯನ್ನು ಆನ್‌ಲೈನ್‌ನಲ್ಲಿ ಮುಗಿಸಬೇಕು. ಸ್ವರ ಕಲಿಯಲು ಚಳಿಗಾಲದಿಂದಲೇ ಕೂರುವುದು ಲೇಸು. ಐವತ್ತು ಹಾಡುಗಳನ್ನು ಒಟ್ಟಿಗೆ ಕೇಳಿದರೆ ಒಂದೂ ನಿಲ್ಲುವುದಿಲ್ಲ. ಐದು ಹಾಡುಗಳನ್ನು, ಅದರಲ್ಲೂ ಒಂದನ್ನೊಂದು ಹೋಲುವವನ್ನು, ಅಕ್ಕಪಕ್ಕ ಇಟ್ಟು ಕೇಳಿದರೆ ವ್ಯತ್ಯಾಸ ಕಿವಿಗೆ ಹತ್ತುತ್ತದೆ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ 2021ರಿಂದ ಹಾಡು ಕೇಳಿ ಹೆಸರು ಹೇಳುತ್ತಿದೆ. ಕಲಿಯಲು ಒಳ್ಳೆಯ ಜೊತೆ. ಆದರೆ ಹಾಡಿದ್ದು ಒಂದೋ ಮೂರೋ ಎಂಬುದು ಅದಕ್ಕೆ ತಿಳಿಯದು, ಆಗಾಗ ಹೆಸರನ್ನೂ ತಪ್ಪಿಸುತ್ತದೆ. ಎಣಿಸುವ ಹೊತ್ತಿಗೆ ವಿದ್ಯೆ ನಿಮ್ಮ ಕಿವಿಯಲ್ಲೇ ಇರಬೇಕು.

ಅಷ್ಟು ಸ್ವರಜ್ಞಾನ ಇನ್ನೂ ಬಂದಿಲ್ಲವೆಂದರೆ ಅನುಭವಿಗಳ ಜೊತೆ ಬರೆದುಕೊಳ್ಳುವವರಾಗಿ ಒಂದೆರಡು ಋತು ಹೋಗಿಬನ್ನಿ. ಐವತ್ತು ನಿಲುಗಡೆಗಳಲ್ಲಿ ಯಾವ ಸದ್ದಿಗೆ ಯಾವ ಹೆಸರು ಹೇಳಿದರು ಎಂಬುದನ್ನು ಪಕ್ಕದಲ್ಲೇ ನಿಂತು ಕೇಳುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಮಾರ್ಗ ಒಪ್ಪಿಕೊಳ್ಳುವಾಗ ಕೆಲವು ವರ್ಷವಾದರೂ ಬಿಡದೆ ಮಾಡುವ ಮನಸ್ಸಿರಲಿ. ನಗರಗಳಿಂದ ದೂರದ, ಜನವಸತಿ ವಿರಳವಾದ ಸೀಮೆಗಳಲ್ಲಿ ಎಣಿಸುವವರಿಲ್ಲದೆ ಎಷ್ಟೋ ಮಾರ್ಗಗಳು ಖಾಲಿ ಬಿದ್ದಿವೆ. ಹಿಂದಿನವರು ನಿಂತ ಐವತ್ತು ಜಾಗಗಳೂ ದಾಖಲಾಗಿರುತ್ತವೆ. ಹೊಸಬರು ಅದೇ ಜಾಗದಲ್ಲಿ ನಿಂತು ಮುಂದುವರಿಸಬಹುದು.